ಹಿಮದೂರಿನಲ್ಲಿ ಬಾಡಿಗೆ ಮನೆ: ಸ್ಕೀಯಿಂಗ್‌ಗೆ ಹೊರಡುವ ಮುನ್ನ ಫೋಟೊದಲ್ಲಿ ಕಾಣದ ಸಂಗತಿಗಳು

ಡಿಸೆಂಬರ್ ಹತ್ತಿರ ಬಂದಂತೆ ಮುಂಬೈ, ಪುಣೆ, ಹೈದರಾಬಾದ್, ಚೆನ್ನೈನ ಕನ್ನಡ ಕುಟುಂಬಗಳ ವಾಟ್ಸ್‌ಆ್ಯಪ್ ಗುಂಪುಗಳಲ್ಲಿ ಮನಾಲಿಯೋ ಗುಲ್ಮಾರ್ಗೋ ಎಂಬ ಚರ್ಚೆ ಶುರುವಾಗುತ್ತದೆ. ದೆಹಲಿಯಲ್ಲಿರುವವರಿಗಂತೂ ಮನಾಲಿ ಒಂದು ರಾತ್ರಿಯ ಬಸ್ ಪ್ರಯಾಣ. ಎಂಟು-ಹತ್ತು ಮಂದಿಯ ತಂಡವಾದರೆ ಹೋಟೆಲ್‌ನಲ್ಲಿ ನಾಲ್ಕು ಕೋಣೆ ಹಿಡಿಯುವುದಕ್ಕಿಂತ ಅಡುಗೆಮನೆ ಸಹಿತ ಇಡೀ ಮನೆಯನ್ನೇ ನಾಲ್ಕೈದು ದಿನಕ್ಕೆ ಬಾಡಿಗೆಗೆ ಪಡೆಯುವುದು ಅಗ್ಗವೆನಿಸುತ್ತದೆ. ಮಕ್ಕಳಿಗೆ ಓಡಾಡಲು ಜಾಗ, ಹಿರಿಯರಿಗೆ ಬಿಸಿ ಅನ್ನ-ಸಾರು, ರಾತ್ರಿ ಎಲ್ಲರೂ ಒಂದೆಡೆ ಕೂತು ಹರಟೆ. ಆ್ಯಪ್ ತೆರೆದರೆ ಮರದ ಛಾವಣಿ, ಕಿಟಕಿಯಾಚೆ ಬಿಳಿ ಬೆಟ್ಟ, ಬಾಲ್ಕನಿಯಲ್ಲಿ ಚಹಾ ಕಪ್ ಇರುವ ಚಿತ್ರಗಳು ಸಾಲುಸಾಲಾಗಿ ಕಾಣುತ್ತವೆ.

ಆದರೆ ಹಿಮ ಬೀಳುವ ಊರಿನಲ್ಲಿ ಮನೆ ಹಿಡಿಯುವುದಕ್ಕೂ ಗೋವಾ ಅಥವಾ ಮಡಿಕೇರಿಯಲ್ಲಿ ಹಿಡಿಯುವುದಕ್ಕೂ ಬಹಳ ವ್ಯತ್ಯಾಸವಿದೆ. ಇಲ್ಲಿ ಮನೆಯ ಯೋಗ್ಯತೆಯನ್ನು ತೀರ್ಮಾನಿಸುವುದು ಮೂರು ಸಂಗತಿಗಳು: ಹಿಮ ಬಿದ್ದ ಬೆಳಿಗ್ಗೆ ಅಲ್ಲಿಂದ ಹೊರಡಲು ರಸ್ತೆ ಇರುತ್ತದೆಯೇ, ರಾತ್ರಿ ಕೋಣೆ ಬೆಚ್ಚಗಾಗುವುದು ಯಾವುದರಿಂದ, ಬೆಳಿಗ್ಗೆ ನಲ್ಲಿಯಲ್ಲಿ ನೀರು ಬರುತ್ತದೆಯೇ. ಇವು ಮೂರೂ ಫೋಟೊದಲ್ಲಿ ಕಾಣುವುದಿಲ್ಲ.

ಇನ್ನೊಂದು ಮಾತು. ಕನ್ನಡಿಗರಿಗೆ ‘ಹೋಮ್‌ಸ್ಟೇ’ ಎಂದಕೂಡಲೇ ನೆನಪಾಗುವುದು ಕೊಡಗು, ಚಿಕ್ಕಮಗಳೂರಿನ ಎಸ್ಟೇಟ್ ಮನೆಗಳು. ಮಾಲೀಕರು ಅಲ್ಲೇ ಇರುತ್ತಾರೆ, ಊಟ ಅವರ ಅಡುಗೆಮನೆಯಿಂದಲೇ ಬರುತ್ತದೆ. ಹಿಮಾಲಯದ ಊರುಗಳಲ್ಲೂ ಅಂಥ ಮನೆಗಳಿವೆ. ಆದರೆ ಆ್ಯಪ್‌ಗಳಲ್ಲಿ ಇದೇ ಹೆಸರಿನಡಿ ಮಾಲೀಕರು ಚಂಡೀಗಢದಲ್ಲೋ ದೆಹಲಿಯಲ್ಲೋ ಇದ್ದು ಕೇರ್‌ಟೇಕರ್ ಒಬ್ಬರೇ ನೋಡಿಕೊಳ್ಳುವ ಫ್ಲ್ಯಾಟ್, ವಿಲ್ಲಾ, ಕಾಟೇಜ್‌ಗಳೂ ಸಿಗುತ್ತವೆ. ಚಳಿಗಾಲದಲ್ಲಿ ಈ ವ್ಯತ್ಯಾಸ ದೊಡ್ಡದು. ರಾತ್ರಿ ಹನ್ನೊಂದಕ್ಕೆ ಕರೆಂಟ್ ಹೋದಾಗ ಕೆಳಗಿನ ಮಹಡಿಯಲ್ಲೇ ಮಾಲೀಕರ ಕುಟುಂಬ ಇರುವ ಮನೆಯಲ್ಲಿ ಏನಾದರೂ ವ್ಯವಸ್ಥೆ ಆಗುತ್ತದೆ. ಕೇರ್‌ಟೇಕರ್ ಸಂಜೆ ಆರಕ್ಕೆ ತಮ್ಮ ಹಳ್ಳಿಗೆ ಹೊರಟುಹೋಗುವ ವಿಲ್ಲಾದಲ್ಲಿ ಫೋನ್ ರಿಂಗಾಗುತ್ತಲೇ ಇರುತ್ತದೆ. ಮೊದಲ ಸಲ ಹಿಮ ನೋಡಲು ಹೋಗುವವರು ಮಾಲೀಕರು ವಾಸವಿರುವ ಮನೆಯನ್ನೇ ಹುಡುಕುವುದು ಒಳ್ಳೆಯದು, ಅಲಂಕಾರ ಕೊಂಚ ಕಡಿಮೆ ಇದ್ದರೂ ಸರಿ.

ಸ್ಕೀಯಿಂಗ್ ಕೋರ್ಸ್‌ಗೆ ಸೇರುವವರಿಗೆ ಮನೆಯ ಅಗತ್ಯವೇ ಇಲ್ಲದಿರಬಹುದು. ಗುಲ್ಮಾರ್ಗ್‌ನಲ್ಲಿರುವ ಕೇಂದ್ರ ಪ್ರವಾಸೋದ್ಯಮ ಸಚಿವಾಲಯದ ಸ್ಕೀಯಿಂಗ್ ಮತ್ತು ಪರ್ವತಾರೋಹಣ ಸಂಸ್ಥೆ, ಮನಾಲಿಯ ಅಟಲ್ ಬಿಹಾರಿ ವಾಜಪೇಯಿ ಪರ್ವತಾರೋಹಣ ಸಂಸ್ಥೆ, ಔಲಿಯಲ್ಲಿ ಗಢವಾಲ್ ಮಂಡಲ ವಿಕಾಸ ನಿಗಮ ನಡೆಸುವ ತರಬೇತಿಗಳಲ್ಲಿ ಸಾಮಾನ್ಯವಾಗಿ ವಸತಿ, ಊಟ, ಸಲಕರಣೆ ಎಲ್ಲವೂ ಶುಲ್ಕದಲ್ಲೇ ಸೇರಿರುತ್ತವೆ. ಕೋರ್ಸ್ ಸೇರುವ ಮಗನಿಗೂ ಸೇರಿಸಿ ಮನೆ ಹಿಡಿದರೆ ಒಂದು ಹಾಸಿಗೆಯ ಹಣ ದಂಡ.

13 ಕಿಲೋಮೀಟರ್ ಎಂದರೆ ಎಷ್ಟು ಹೊತ್ತು?

ಶ್ರೀನಗರದಿಂದ ಸುಮಾರು 50 ಕಿ.ಮೀ. ದೂರದ ಗುಲ್ಮಾರ್ಗ್ ಸಮುದ್ರಮಟ್ಟದಿಂದ ಸುಮಾರು 2,650 ಮೀಟರ್ ಎತ್ತರದಲ್ಲಿದೆ. ಗೊಂಡೋಲಾ ಕೇಬಲ್ ಕಾರು ಅಲ್ಲಿಂದ ಎರಡು ಹಂತಗಳಲ್ಲಿ ಮೇಲೇರುತ್ತದೆ. ಮೊದಲ ಹಂತ ಕೊಂಗ್ಡೂರಿವರೆಗೆ, ಎರಡನೆಯದು ಅಫರ್ವತ್ ಬೆಟ್ಟದ ಹೆಗಲಿಗೆ, ಸುಮಾರು 3,950 ಮೀಟರ್ ಎತ್ತರಕ್ಕೆ. ಹೊಸಬರು ಸ್ಕೀ ಕಲಿಯುವುದು ಕೆಳಗಿನ ಬಯಲಿನ ಸಣ್ಣ ಇಳಿಜಾರುಗಳಲ್ಲಿ.

ಈ ಬಯಲಿನ ಸುತ್ತ ಇರುವುದು ಹೆಚ್ಚಾಗಿ ಹೋಟೆಲ್‌ಗಳು ಮತ್ತು ಹಟ್‌ಗಳು. ಆ್ಯಪ್‌ನಲ್ಲಿ ‘ಗುಲ್ಮಾರ್ಗ್ ಹೋಮ್‌ಸ್ಟೇ’ ಎಂದು ಕಾಣುವ ಮನೆಗಳಲ್ಲಿ ಹಲವು ನಿಜದಲ್ಲಿ ಸುಮಾರು 13 ಕಿ.ಮೀ. ಕೆಳಗಿರುವ ಟಂಗ್‌ಮಾರ್ಗ್‌ನಲ್ಲೋ ಅದರ ಆಸುಪಾಸಿನ ಹಳ್ಳಿಗಳಲ್ಲೋ ಇರುತ್ತವೆ. ಮ್ಯಾಪ್‌ನಲ್ಲಿ ಅರ್ಧ ಗಂಟೆ. ಹಿಮ ಬಿದ್ದ ದಿನ ಆ ತಿರುವುಗಳ ಏರುದಾರಿಯಲ್ಲಿ ಚಕ್ರಕ್ಕೆ ಚೈನ್ ಹಾಕಿದ ವಾಹನ ಅಥವಾ ಫೋರ್ ಬೈ ಫೋರ್ ಮಾತ್ರ ಹೋಗುತ್ತದೆ. ಶ್ರೀನಗರದಿಂದ ಬಂದ ಟ್ಯಾಕ್ಸಿ ಟಂಗ್‌ಮಾರ್ಗ್‌ನಲ್ಲೇ ನಿಲ್ಲುತ್ತದೆ, ಅಲ್ಲಿಂದ ಸ್ಥಳೀಯ ವಾಹನಕ್ಕೆ ಬೇರೆ ಬಾಡಿಗೆ. ನಾಲ್ಕು ದಿನ ಬೆಳಿಗ್ಗೆ-ಸಂಜೆ ಈ ಬಾಡಿಗೆ ಕೊಟ್ಟರೆ ಅಗ್ಗದ ಮನೆಯಿಂದ ಉಳಿದ ಹಣ ರಸ್ತೆಯಲ್ಲೇ ಕರಗುತ್ತದೆ. ಹಾಗೆಂದು ಟಂಗ್‌ಮಾರ್ಗ್ ಕೆಟ್ಟ ಆಯ್ಕೆ ಎಂದಲ್ಲ. ಒಂದೇ ದಿನ ಮೇಲೆ ಹೋಗಿ ಹಿಮದಲ್ಲಿ ಆಡಿ ಬರುವವರಿಗೆ ಅದೇ ಸರಿ. ಚಳಿ ಸ್ವಲ್ಪ ಕಡಿಮೆ, ಅಂಗಡಿ-ಮುಂಗಟ್ಟು ಹತ್ತಿರ. ಪ್ರತಿದಿನ ಸ್ಕೀ ಮಾಡುವವರಿಗೆ ಮಾತ್ರ ದುಬಾರಿಯಾದರೂ ಮೇಲಿನ ಹೋಟೆಲ್ ಅಥವಾ ಹಟ್ಟೇ ಲಾಭ.

ಮನಾಲಿಯಲ್ಲೂ ಇದೇ ಕಥೆ. ಸ್ಕೀಯಿಂಗ್ ನಡೆಯುವ ಸೋಲಾಂಗ್ ಕಣಿವೆ ಪೇಟೆಯಿಂದ ಸುಮಾರು 13 ಕಿ.ಮೀ. ಹಳೇ ಮನಾಲಿ, ವಶಿಷ್ಠದಲ್ಲಿ ಕೆಫೆಗಳಿವೆ, ಸಂಜೆ ಕಳೆಯಲು ಚೆನ್ನ. ಬುರುವಾ, ಪಲ್ಚಾನ್, ಸೋಲಾಂಗ್ ಹಳ್ಳಿಯ ಮನೆಗಳು ಇಳಿಜಾರಿಗೆ ಹತ್ತಿರ, ಆದರೆ ಸಂಜೆಯಾದರೆ ಸುತ್ತ ನಿಶ್ಶಬ್ದ. ಹಿಮ ಜೋರಾದಾಗ ಪೊಲೀಸರು ಸಾಮಾನ್ಯ ಕಾರುಗಳನ್ನು ನೆಹರು ಕುಂಡ್ ಬಳಿಯೇ ತಡೆದು, ಮುಂದಕ್ಕೆ ಫೋರ್ ಬೈ ಫೋರ್ ವಾಹನಗಳನ್ನಷ್ಟೇ ಬಿಡುವುದು ವಾಡಿಕೆ. 2020ರ ಅಕ್ಟೋಬರ್‌ನಲ್ಲಿ 9.02 ಕಿ.ಮೀ. ಉದ್ದದ ಅಟಲ್ ಸುರಂಗ ಉದ್ಘಾಟನೆಯಾದ ಮೇಲೆ ಆ ಕಡೆಯ ಲಾಹೌಲ್‌ನ ಸಿಸ್ಸುವರೆಗೂ ಚಳಿಗಾಲದಲ್ಲಿ ಪ್ರವಾಸಿಗರು ಹೋಗತೊಡಗಿದ್ದಾರೆ, ಅಲ್ಲೂ ಹೋಮ್‌ಸ್ಟೇಗಳು ಎದ್ದಿವೆ. 2024ರ ಡಿಸೆಂಬರ್‌ನಲ್ಲಿ ದಿಢೀರ್ ಹಿಮ ಬಿದ್ದಾಗ ಸೋಲಾಂಗ್ ಮತ್ತು ಸುರಂಗದ ನಡುವೆ ಸುಮಾರು ಸಾವಿರ ವಾಹನಗಳು ಸಿಕ್ಕಿಬಿದ್ದಿದ್ದವು. ಸಿಸ್ಸುವಿನಲ್ಲಿ ಮನೆ ಹಿಡಿದು ಮರುದಿನವೇ ಮನಾಲಿಯಿಂದ ಬಸ್ ಬುಕ್ ಮಾಡುವವರು ಈ ಸಂಗತಿಯನ್ನು ಲೆಕ್ಕಕ್ಕೆ ತೆಗೆದುಕೊಳ್ಳಬೇಕು.

ಹಾಗಾಗಿ ಮಾಲೀಕರನ್ನು ‘ಇಳಿಜಾರು ಎಷ್ಟು ದೂರ’ ಎಂದು ಕೇಳಿದರೆ ಸಾಲದು. ರಸ್ತೆಯಿಂದ ಮನೆ ಬಾಗಿಲಿಗೆ ಎಷ್ಟು ನಡೆಯಬೇಕು, ಎಷ್ಟು ಮೆಟ್ಟಿಲು, ಹಿಮ ಬಿದ್ದರೆ ಆ ದಾರಿಯನ್ನು ತೆರವು ಮಾಡುವವರು ಯಾರು, ಬೆಳಿಗ್ಗೆ ಎಂಟಕ್ಕೆ ಚೈನ್ ಹಾಕಿದ ಗಾಡಿ ಮನೆಯ ಹತ್ತಿರ ಸಿಗುತ್ತದೆಯೇ ಎಂದು ಕೇಳಬೇಕು. ಹಳೇ ಮನಾಲಿಯ ಎಷ್ಟೋ ಮನೆಗಳಿಗೆ ಕಾರು ಹೋಗುವುದಿಲ್ಲ. ಮಂಡಿನೋವಿನ ತಾಯಿಯನ್ನು ಕರೆದುಕೊಂಡು, ಮಂಜುಗಟ್ಟಿದ ಕಲ್ಲು ಮೆಟ್ಟಿಲಿನ ಮೇಲೆ ಎರಡು ಟ್ರಾಲಿ ಬ್ಯಾಗ್ ಎಳೆಯುವ ಕಷ್ಟ ‘ಮೌಂಟೇನ್ ವ್ಯೂ’ ಎಂಬ ಎರಡು ಪದಗಳಲ್ಲಿ ಅಡಗಿರುತ್ತದೆ.

ಔಲಿಗೆ ಹೋಗುವವರು ಜೋಶಿಮಠವನ್ನು ಮರೆಯಬಾರದು

ಉತ್ತರಾಖಂಡದ ಚಮೋಲಿ ಜಿಲ್ಲೆಯ ಔಲಿ ಸುಮಾರು 2,500ರಿಂದ 3,000 ಮೀಟರ್ ಎತ್ತರದಲ್ಲಿ ಹರಡಿರುವ ಇಳಿಜಾರು. 2011ರ ದಕ್ಷಿಣ ಏಷ್ಯಾ ಚಳಿಗಾಲದ ಕ್ರೀಡಾಕೂಟದ ಹಿಮದ ಮೇಲಿನ ಸ್ಪರ್ಧೆಗಳು ನಡೆದದ್ದು ಇಲ್ಲೇ. ಇಲ್ಲಿಗೆ ಬರುವ ಹೆಚ್ಚಿನವರು ಉಳಿದುಕೊಳ್ಳುವುದು ಕೆಳಗಿನ ಜೋಶಿಮಠದಲ್ಲಿ, ಈಗಿನ ಅಧಿಕೃತ ಹೆಸರಿನಲ್ಲಿ ಜ್ಯೋತಿರ್ಮಠ. ಆದಿ ಶಂಕರರ ನಾಲ್ಕು ಆಮ್ನಾಯ ಪೀಠಗಳಲ್ಲಿ ಉತ್ತರದ್ದು ಇದು. ಶೃಂಗೇರಿಯನ್ನು ಬಲ್ಲ ಕನ್ನಡಿಗರಿಗೆ ಹೆಸರು ಅಪರಿಚಿತವಲ್ಲ.

2023ರ ಜನವರಿಯ ಮೊದಲ ವಾರ ಈ ಊರಿನ ಮನೆಗಳ ಗೋಡೆ, ನೆಲ, ರಸ್ತೆಗಳಲ್ಲಿ ಬಿರುಕುಗಳು ದಿಢೀರನೆ ಅಗಲವಾದವು. ಕೆಲವೆಡೆ ನೆಲದಡಿಯಿಂದ ಕೆಸರು ನೀರು ಉಕ್ಕಿತು. 800ಕ್ಕೂ ಹೆಚ್ಚು ಕಟ್ಟಡಗಳಲ್ಲಿ ಬಿರುಕು ದಾಖಲಾಯಿತು, ನೂರಾರು ಕುಟುಂಬಗಳು ಮನೆ ಬಿಟ್ಟವು, ಪರಸ್ಪರ ವಾಲಿಕೊಂಡಿದ್ದ ಎರಡು ಹೋಟೆಲ್‌ಗಳನ್ನು ಕೆಡವಲಾಯಿತು. ಅಪಾಯಕಾರಿ ಮನೆಗಳ ಗೋಡೆಗೆ ಅಧಿಕಾರಿಗಳು ಕೆಂಪು ಬಣ್ಣದಲ್ಲಿ ಗುಣಿಸು ಗುರುತು ಹಾಕಿದ್ದರು. ಊರು ನಿಂತಿರುವುದು ಹಳೆಯ ಭೂಕುಸಿತದ ಮಣ್ಣು-ಬಂಡೆಗಳ ರಾಶಿಯ ಮೇಲೆ, ಭಾರೀ ಕಟ್ಟಡಗಳು ಬೇಡ ಎಂದು ಮಿಶ್ರಾ ಸಮಿತಿ 1976ರಲ್ಲೇ ಎಚ್ಚರಿಸಿತ್ತು. ಆಮೇಲಿನ ದಶಕಗಳಲ್ಲಿ ಬದರಿನಾಥ ಯಾತ್ರೆ ಮತ್ತು ಔಲಿ ಪ್ರವಾಸದ ಬೇಡಿಕೆಗೆ ತಕ್ಕಂತೆ ಬಹುಮಹಡಿ ಹೋಟೆಲ್‌ಗಳು, ಲಾಡ್ಜ್‌ಗಳು ಬೆಳೆಯುತ್ತಲೇ ಹೋದವು.

ಮನೆ ಹುಡುಕುವವರಿಗೆ ಇದರಿಂದ ಎರಡು ಪರಿಣಾಮ. ಒಂದು, ಜೋಶಿಮಠದಿಂದ ಔಲಿಗೆ ಹೋಗುತ್ತಿದ್ದ ಸುಮಾರು 4 ಕಿ.ಮೀ. ಉದ್ದದ ರೋಪ್‌ವೇ ಅದೇ ಜನವರಿಯಲ್ಲಿ ಸ್ಥಗಿತವಾಯಿತು. ಹಳೆಯ ಜಾಹೀರಾತುಗಳಲ್ಲಿ, ಬ್ಲಾಗ್‌ಗಳಲ್ಲಿ ‘ರೋಪ್‌ವೇಗೆ ಐದು ನಿಮಿಷ’ ಎಂಬ ಸಾಲು ಇನ್ನೂ ಉಳಿದಿದೆ. ಅದನ್ನು ನಂಬಿ ಬುಕ್ ಮಾಡಿದರೆ ಪ್ರತಿದಿನ ರಸ್ತೆಯಲ್ಲೇ ಏರಬೇಕಾಗುತ್ತದೆ, ಹಿಮ ಬಿದ್ದ ದಿನ ಆ ರಸ್ತೆಯೂ ಕಷ್ಟ. ಔಲಿಯೊಳಗಿನ ಚೇರ್‌ಲಿಫ್ಟ್ ಬೇರೆ, ಈ ರೋಪ್‌ವೇ ಬೇರೆ. ಜಾಹೀರಾತು ಯಾವುದರ ಬಗ್ಗೆ ಹೇಳುತ್ತಿದೆ ಎಂದು ನೋಡಿಕೊಳ್ಳಬೇಕು.

ಎರಡನೆಯದು ಹೆಚ್ಚು ಗಂಭೀರ. ಮನೆ ಯಾವ ವಾರ್ಡಿನಲ್ಲಿದೆ, 2023ರ ಸಮೀಕ್ಷೆಯಲ್ಲಿ ಅದನ್ನು ಸುರಕ್ಷಿತವೆಂದು ಗುರುತಿಸಲಾಗಿತ್ತೇ, ಬಳಿಕ ದುರಸ್ತಿ ಆಗಿದೆಯೇ ಎಂದು ಮಾಲೀಕರನ್ನು ನೇರವಾಗಿ ಕೇಳುವುದರಲ್ಲಿ ಸಂಕೋಚ ಬೇಡ. ಅಲ್ಲಿಯವರಿಗೆ ಈ ಪ್ರಶ್ನೆ ಹೊಸದಲ್ಲ. ಒಳ ಹೋದ ಮೇಲೆ ಬಾಗಿಲು-ಕಿಟಕಿಯ ಮೂಲೆಯಿಂದ ಓರೆಯಾಗಿ ಹೊರಟ ಬಿರುಕು, ಚೌಕಟ್ಟಿಗೆ ಕೂರದ ಬಾಗಿಲು, ಒಂದೆಡೆ ಇಳಿದ ನೆಲ ಕಂಡರೆ ಮಾಲೀಕರಿಗೆ ಹೇಳಿ ಬೇರೆ ಮನೆ ಕೇಳಬೇಕು. ಹೊಸ ಬಣ್ಣದ ಮೇಲೆ ಮತ್ತೆ ಮೂಡಿದ ಬಿರುಕಾದರೆ ಯೋಚಿಸುವುದೇ ಬೇಡ. ಇಲ್ಲಿ ಜನರ ಬದುಕು ನಡೆಯುವುದೇ ಯಾತ್ರಿಕರು ಮತ್ತು ಪ್ರವಾಸಿಗರಿಂದ, ಊರಿಗೆ ಹೋಗಲೇಬಾರದು ಎಂಬ ಸಲಹೆ ಅವರ ಹೊಟ್ಟೆಯ ಮೇಲೆ ಹೊಡೆದಂತೆ. ಎತ್ತರದ ಕಾಂಕ್ರೀಟ್ ಕಟ್ಟಡದ ಬದಲು ಒಂದೆರಡು ಮಹಡಿಯ ಮನೆಯಲ್ಲಿ ಉಳಿದರೆ ಹಣ ಆ ಊರಿನ ಕುಟುಂಬಕ್ಕೇ ಹೋಗುತ್ತದೆ.

ಬೆಚ್ಚನೆಯ ಕೋಣೆ, ಕಾಣದ ಅನಿಲ

2020ರ ಜನವರಿಯಲ್ಲಿ ನೇಪಾಳದ ದಾಮನ್ ಎಂಬ ಗಿರಿಧಾಮದಲ್ಲಿ ಕೇರಳದ 8 ಪ್ರವಾಸಿಗರು ಒಂದೇ ಕೋಣೆಯಲ್ಲಿ ಸತ್ತರು, ಅವರಲ್ಲಿ ನಾಲ್ವರು ಮಕ್ಕಳು. ಚಳಿ ತಾಳಲಾರದೆ ಗ್ಯಾಸ್ ಹೀಟರ್ ಹಚ್ಚಿ, ಬಾಗಿಲು-ಕಿಟಕಿ ಮುಚ್ಚಿ ಮಲಗಿದ್ದರು. 2025ರ ಜನವರಿಯಲ್ಲಿ ಶ್ರೀನಗರದ ಬಾಡಿಗೆ ಮನೆಯೊಂದರಲ್ಲಿ ಒಂದೇ ಕುಟುಂಬದ ಐವರು ಇದೇ ರೀತಿ ಉಸಿರುಗಟ್ಟಿ ಸತ್ತರು. ಎರಡನೆಯ ಘಟನೆ ನಡೆದದ್ದು ಚಳಿ ಮಾಮೂಲಾಗಿರುವ ಊರಿನಲ್ಲಿ. ಕರಾವಳಿಯ, ಬಯಲುಸೀಮೆಯ ಜನ ಎಷ್ಟು ಎಚ್ಚರವಾಗಿರಬೇಕು ಎಂಬುದನ್ನು ಬೇರೆ ಹೇಳಬೇಕಿಲ್ಲ. ಸ್ಕೀಯಿಂಗ್ ಪ್ರವಾಸ ಎಂದರೆ ಎಲ್ಲರೂ ಹೆದರುವುದು ಕಾಲು ಮುರಿದೀತೆಂದು. ಮನೆಯೊಳಗಿನ ಈ ಅಪಾಯದ ಬಗ್ಗೆ ಕೇಳುವವರು ಕಡಿಮೆ.

ಇದ್ದಿಲು, ಸೌದೆ, ಗ್ಯಾಸ್, ಸೀಮೆಎಣ್ಣೆ ಯಾವುದೇ ಆಗಲಿ, ಸಾಕಷ್ಟು ಗಾಳಿಯಿಲ್ಲದ ಕಡೆ ಉರಿದರೆ ಕಾರ್ಬನ್ ಮಾನಾಕ್ಸೈಡ್ ಹುಟ್ಟುತ್ತದೆ. ಅದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ರಕ್ತದಲ್ಲಿ ಆಮ್ಲಜನಕ ಕೂರಬೇಕಾದ ಜಾಗದಲ್ಲಿ ಅದು ಬಂದು ಕೂರುತ್ತದೆ. ತಲೆನೋವು, ತಲೆಸುತ್ತು, ವಾಕರಿಕೆ, ಮಂಪರು ಅದರ ಲಕ್ಷಣಗಳು. ತೊಡಕು ಇರುವುದೇ ಇಲ್ಲಿ: 2,600 ಮೀಟರ್ ಎತ್ತರಕ್ಕೆ ಒಂದೇ ದಿನದಲ್ಲಿ ಏರಿದವರಿಗೂ ಇವೇ ಲಕ್ಷಣಗಳು ಕಾಣಿಸಿಕೊಳ್ಳಬಹುದು. ‘ಎತ್ತರಕ್ಕೆ ಹೀಗಾಗುತ್ತೆ, ಮಲಗಿದರೆ ಸರಿಹೋಗುತ್ತೆ’ ಎಂದು ಹೊದ್ದು ಮಲಗುವವರು ಅಪಾಯದಲ್ಲಿರುತ್ತಾರೆ. ಒಂದೇ ಕೋಣೆಯ ಎಲ್ಲರಿಗೂ ಒಟ್ಟಿಗೆ ತಲೆನೋವು ಬಂದರೆ, ಹೊರಗೆ ಬಂದ ಸ್ವಲ್ಪ ಹೊತ್ತಿಗೆ ಕಡಿಮೆಯಾದರೆ ಅದು ಬೆಂಕಿಯ ದೋಷವೆಂದೇ ತಿಳಿದು ಎಲ್ಲರೂ ಹೊರಬರಬೇಕು, 112ಕ್ಕೆ ಅಥವಾ 108ಕ್ಕೆ ಕರೆ ಮಾಡಬೇಕು.

ಕಾಶ್ಮೀರದಲ್ಲಿ ಬುಖಾರಿ, ಹಿಮಾಚಲದಲ್ಲಿ ತಂದೂರ್ ಎಂದು ಕರೆಯುವ ತಗಡಿನ ಸೌದೆ ಒಲೆಗೆ ಹೊಗೆ ಹೊರಹಾಕುವ ಕೊಳವೆ ಇರುತ್ತದೆ. ಕೊಳವೆ ಸರಿಯಾಗಿದ್ದು ಹೊರಗಿನ ಬಾಯಿ ಹಿಮದಿಂದ ಮುಚ್ಚಿಹೋಗದಿದ್ದರೆ ಇದು ಒಳ್ಳೆಯ ವ್ಯವಸ್ಥೆ, ಆದರೂ ಮಲಗುವ ಮುನ್ನ ಆರಿಸಬೇಕು. ಕೊಳವೆಯೇ ಇಲ್ಲದ ಅಂಗೀಠಿ, ಸಿಲಿಂಡರ್ ಜೋಡಿಸಿದ ಗ್ಯಾಸ್ ಹೀಟರ್ ಮಲಗುವ ಕೋಣೆಗೆ ಬರಲೇಬಾರದು. ಕೇರ್‌ಟೇಕರ್ ಪ್ರೀತಿಯಿಂದ ಕೆಂಡ ತಂದಿಟ್ಟರೂ ಹಜಾರದಲ್ಲಿ ಕೂತು ಕಾಯಿಸಿಕೊಂಡು, ಮಲಗುವಾಗ ಹೊರಗಿಡಲು ಹೇಳುವುದೇ ಸರಿ. ಕಾಂಗಡಿಯನ್ನು ಫಿರನ್‌ನ ಒಳಗಿಟ್ಟುಕೊಳ್ಳುವುದು ಕಾಶ್ಮೀರಿಗಳಿಗೆ ಬಾಲ್ಯದಿಂದ ಬಂದ ಅಭ್ಯಾಸ. ಫೋಟೊಗೆಂದು ಹಿಡಿದುಕೊಳ್ಳಬಹುದು, ಅದರೊಂದಿಗೆ ಹಾಸಿಗೆಗೆ ಹೋಗುವುದು ಬೇಡ. ಸ್ನಾನದ ಮನೆಯ ಒಳಗೇ ಇರುವ ಗ್ಯಾಸ್ ಗೀಸರ್‌ನದೂ ಇದೇ ಅಪಾಯ; ಬೆಂಗಳೂರಿನಲ್ಲಿ ಅದರಿಂದಾದ ಸಾವುಗಳ ಸುದ್ದಿ ಕನ್ನಡ ಓದುಗರಿಗೆ ಹೊಸದಲ್ಲ.

ಬುಕ್ ಮಾಡುವ ಮುನ್ನ ಮಾಲೀಕರಿಗೆ ಕಳುಹಿಸಬೇಕಾದ ಮೊದಲ ಮೆಸೇಜ್ ಹೀಗಿರಲಿ: ಮಲಗುವ ಪ್ರತಿ ಕೋಣೆಯಲ್ಲೂ ಯಾವ ಹೀಟರ್ ಇದೆ? ಆಯಿಲ್ ಹೀಟರ್, ಎಲೆಕ್ಟ್ರಿಕ್ ಬ್ಲಾಂಕೆಟ್ ಎಂದರೆ ನೆಮ್ಮದಿ. ‘ಗ್ಯಾಸ್’ ಎಂದರೆ ಬೇರೆ ಮನೆ ನೋಡಬಹುದು. ಬ್ಯಾಟರಿಯಿಂದ ನಡೆಯುವ ಕಾರ್ಬನ್ ಮಾನಾಕ್ಸೈಡ್ ಅಲಾರಂ ಆನ್‌ಲೈನ್‌ನಲ್ಲಿ ಸಿಗುತ್ತದೆ, ಅಂಗೈಯಷ್ಟು ಗಾತ್ರ. ಅದನ್ನೊಂದು ಬ್ಯಾಗಿನಲ್ಲಿಟ್ಟುಕೊಂಡರೆ ಯಾರ ಮಾತನ್ನೂ ಪೂರ್ತಿ ನಂಬಬೇಕಾಗಿಲ್ಲ.

ನೀರು, ಕರೆಂಟ್, ಕುಕ್ಕರ್

ರಾತ್ರಿ ಉಷ್ಣಾಂಶ ಸೊನ್ನೆಗಿಂತ ಕೆಳಗಿಳಿದರೆ ಹೊರಗಿನ ಪೈಪ್‌ಗಳಲ್ಲಿ ನೀರು ಹೆಪ್ಪುಗಟ್ಟುತ್ತದೆ. ಬೆಳಿಗ್ಗೆ ಬಿಸಿಲೇರುವವರೆಗೂ ನಲ್ಲಿ ಒಣಗಿರುತ್ತದೆ. ಅನುಭವವಿರುವ ಮಾಲೀಕರು ರಾತ್ರಿಯೇ ಬಕೆಟ್‌ಗಳಲ್ಲಿ ನೀರು ತುಂಬಿಡಲು ಹೇಳುತ್ತಾರೆ, ನಲ್ಲಿಯನ್ನು ಸಣ್ಣಗೆ ಬಿಡಲೂ ಹೇಳಬಹುದು. ಹಾಗೆ ಹೇಳುವವರ ಮೇಲೆ ಬೇಸರ ಪಡಬೇಕಿಲ್ಲ, ಅವರಿಗೆ ಮನೆಯ ಸ್ಥಿತಿ ಗೊತ್ತಿದೆ ಎಂದರ್ಥ. ‘24 ಗಂಟೆ ಬಿಸಿ ನೀರು’ ಎಂದು ಬರೆದವರನ್ನೇ ಎರಡು ಸಲ ಕೇಳಬೇಕು.

ಹಿಮದ ಭಾರಕ್ಕೆ ತಂತಿ ಹರಿದು ಕರೆಂಟ್ ಹೋಗುವುದು ಸಾಮಾನ್ಯ. ಇನ್ವರ್ಟರ್ ಇದ್ದರೆ ದೀಪ ಉರಿಯುತ್ತದೆ, ಹೀಟರ್ ನಡೆಯದು. ಜನರೇಟರ್ ಇದ್ದರೂ ಎಷ್ಟು ಹೊತ್ತು ಹಾಕುತ್ತಾರೆ ಎಂಬುದು ಪ್ರಶ್ನೆ. ಮೂರು ಕೋಣೆಯ ಹೀಟರ್, ಎರಡು ಗೀಸರ್ ಒಟ್ಟಿಗೆ ಹಾಕಿದರೆ ಹಳ್ಳಿಯ ಮನೆಯ ವೈರಿಂಗ್ ತಾಳುವುದಿಲ್ಲ. ಅಂದಹಾಗೆ, ಹಲವು ಮನೆಗಳಲ್ಲಿ ಹೀಟರ್‌ಗೆ ರಾತ್ರಿಗಿಷ್ಟು, ಸೌದೆಗೆ ಹೊರೆಗಿಷ್ಟು ಎಂದು ಬೇರೆ ದುಡ್ಡು. ಆ್ಯಪ್‌ನ ದರದಲ್ಲಿ ಅದು ಇರುವುದಿಲ್ಲ. ಮೂರು ಕೋಣೆ, ನಾಲ್ಕು ರಾತ್ರಿ ಎಂದು ಗುಣಿಸಿ ನೋಡಿದ ಮೇಲೆ ಹೋಟೆಲ್ ದರದೊಂದಿಗೆ ಹೋಲಿಸಬೇಕು.

ಅಡುಗೆಮನೆಯೇ ಮುಖ್ಯ ಆಕರ್ಷಣೆ ಎನ್ನುವವರು ಪ್ರೆಶರ್ ಕುಕ್ಕರ್ ಇದೆಯೇ ಎಂದು ಮೊದಲೇ ಕೇಳಲಿ. ಗುಲ್ಮಾರ್ಗ್‌ನ ಎತ್ತರದಲ್ಲಿ ನೀರು ಸುಮಾರು 91 ಡಿಗ್ರಿಗೇ ಕುದಿಯುತ್ತದೆ, ತೆರೆದ ಪಾತ್ರೆಯಲ್ಲಿ ಬೇಳೆ ಬೇಯುವುದು ಬಲು ನಿಧಾನ. ‘ಕಿಚನ್’ ಎಂದು ಬರೆದ ಕೆಲವೆಡೆ ಇರುವುದು ಚಹಾ ಕಾಯಿಸುವ ಕೆಟಲ್ ಮಾತ್ರ. ಸಾರಿನಪುಡಿ, ಚಟ್ನಿಪುಡಿ, ಅವಲಕ್ಕಿ ಮನೆಯಿಂದಲೇ ಒಯ್ಯುವುದು ಹೇಗೂ ನಮ್ಮವರ ರೂಢಿ. ದಾರಿ ಬಂದ್ ಆದ ದಿನ ಅದೇ ಊಟವಾಗುತ್ತದೆ.

ಒದ್ದೆ ಬಟ್ಟೆ ಒಣಗಿಸುವ ಜಾಗದ ಬಗ್ಗೆ ಯಾರೂ ಯೋಚಿಸುವುದಿಲ್ಲ. ಸ್ಕೀ ಮಾಡಿ ಬಂದ ಸಂಜೆ ಕೈಗವಸು, ಕಾಲುಚೀಲ, ಪ್ಯಾಂಟ್ ಎಲ್ಲವೂ ತೊಯ್ದಿರುತ್ತವೆ, ಬೆಳಿಗ್ಗೆಗೆ ಅವು ಒಣಗಿರಬೇಕು. ಕೊಳವೆಯಿರುವ ಬುಖಾರಿಯ ಹಜಾರ ಇದ್ದರೆ ಅನುಕೂಲ.

ಹಿಮವೇ ಬೀಳದಿದ್ದರೆ?

2024ರ ಜನವರಿಯಲ್ಲಿ ಗುಲ್ಮಾರ್ಗ್ ತಿಂಗಳ ಬಹುಪಾಲು ದಿನ ಒಣಗಿತ್ತು. ಕಾಶ್ಮೀರದಲ್ಲಿ ಡಿಸೆಂಬರ್ 21ರಿಂದ 40 ದಿನಗಳ ಕಡುಚಳಿಗೆ ‘ಚಿಲ್ಲೈ ಕಲಾನ್’ ಎನ್ನುತ್ತಾರೆ, ಹಿಮ ಸುರಿಯಬೇಕಾದ ಕಾಲ ಅದು. ಆ ವರ್ಷ ಕಂದು ಹುಲ್ಲಿನ ಮೇಲೆ ನಿಂತ ಪ್ರವಾಸಿಗರ ಚಿತ್ರಗಳು ಎಲ್ಲೆಡೆ ಹರಿದಾಡಿದವು. ತಿಂಗಳ ಕೊನೆಗೆ ಹಿಮ ಬಂತು. ಜನವರಿ ಮೊದಲ ವಾರಕ್ಕೆ ಮನೆ ಹಿಡಿದವರ ಹಣ ಅಷ್ಟರಲ್ಲಿ ಹೋಗಿತ್ತು. ಔಲಿಯಲ್ಲೂ ಹಿಮ ಸಾಲದೆ ಸ್ಪರ್ಧೆಗಳು ರದ್ದಾದದ್ದುಂಟು.

ಹಿಮ ಬೀಳಲಿಲ್ಲ ಎಂಬುದು ಯಾವ ಬುಕಿಂಗ್ ಆ್ಯಪ್‌ನಲ್ಲೂ ಹಣ ವಾಪಸ್ ಪಡೆಯಲು ಕಾರಣವಾಗುವುದಿಲ್ಲ. ಮನೆ ಇದೆ, ಬೀಗದ ಕೈ ಸಿದ್ಧವಿದೆ, ಮಾಲೀಕರ ಕರ್ತವ್ಯ ಅಲ್ಲಿಗೆ ಮುಗಿಯಿತು. ರಸ್ತೆ ಬಂದ್ ಆಗಿ ತಲುಪಲಾಗದಿದ್ದರೂ ರೀಫಂಡ್ ಸಿಗುವುದು ಆಯಾ ಮನೆಯ ರದ್ದತಿ ನಿಯಮ ಮತ್ತು ಆ್ಯಪ್‌ನ ವಿಪತ್ತು ನಿಯಮದ ಮೇಲೆ ನಿಂತಿದೆ. ಪ್ರತಿ ಚಳಿಗಾಲದಲ್ಲೂ ಬೀಳುವ ಮಾಮೂಲಿ ಹಿಮವನ್ನು ವಿಪತ್ತೆಂದು ಒಪ್ಪಿಸುವುದು ಸುಲಭವಲ್ಲ.

ಆದ್ದರಿಂದ ಹಿಮದೂರಿನಲ್ಲಿ ರದ್ದತಿ ನಿಯಮಕ್ಕೆ ಕೊಂಚ ಹೆಚ್ಚು ಹಣ ಕೊಟ್ಟರೂ ನಷ್ಟವಿಲ್ಲ. ಒಂದೇ ಬಗೆಯ ಎರಡು ಮನೆಗಳಲ್ಲಿ ಒಂದು ರಾತ್ರಿಗೆ ಕೆಲವು ನೂರು ರೂಪಾಯಿ ಕಡಿಮೆಯಿದ್ದು ಹಣ ವಾಪಸ್ ಇಲ್ಲ ಎನ್ನುತ್ತದೆ, ಇನ್ನೊಂದು ಕೆಲವು ದಿನ ಮುಂಚೆ ರದ್ದು ಮಾಡಿದರೆ ಪೂರ್ತಿ ಕೊಡುತ್ತೇನೆ ಎನ್ನುತ್ತದೆ ಎಂದಿಟ್ಟುಕೊಳ್ಳಿ. ಎರಡನೆಯದೇ ಬುದ್ಧಿವಂತಿಕೆ. ಹಿಮಾಲಯಕ್ಕೆ ಹಿಮ ತರುವುದು ಪಶ್ಚಿಮದಿಂದ ಬರುವ ವಾಯುಭಾರ ವ್ಯತ್ಯಯಗಳು. ಅವುಗಳ ಬಗ್ಗೆ ಹವಾಮಾನ ಇಲಾಖೆ ನಾಲ್ಕೈದು ದಿನ ಮುಂಚೆ ಸಾಕಷ್ಟು ಸರಿಯಾದ ಮುನ್ಸೂಚನೆ ಕೊಡುತ್ತದೆ. ರದ್ದು ಮಾಡಲು ಸಿಗುವ ಅವಧಿ ಆ ಮುನ್ಸೂಚನೆಯ ಅವಧಿಯೊಳಗೆ ಬಂದರೆ ನೋಡಿ ನಿರ್ಧರಿಸಬಹುದು. ತಿಂಗಳುಗಟ್ಟಲೆ ಮುಂಚೆ ದಿನ ಗೊತ್ತು ಮಾಡಲೇಬೇಕಾದ ಶಾಲಾ ಮಕ್ಕಳ ಪೋಷಕರಿಗೆ ಈ ಅನುಕೂಲ ಕಡಿಮೆ, ಒಪ್ಪಬೇಕು. ರಜೆಯ ಹಂಗಿಲ್ಲದವರು ಕ್ರಿಸ್‌ಮಸ್ ವಾರ ಬಿಟ್ಟು ಜನವರಿ ಕೊನೆ, ಫೆಬ್ರುವರಿ ಆರಿಸಿದರೆ ಬಾಡಿಗೆಯೂ ಇಳಿದಿರುತ್ತದೆ, ಹಿಮ ಸಿಗುವ ಸಂಭವವೂ ಹೆಚ್ಚು. ಪ್ರಯಾಣ ವಿಮೆ ಮಾಡಿಸುವವರು ಸ್ಕೀಯಿಂಗ್‌ನಂಥ ಸಾಹಸ ಕ್ರೀಡೆಯನ್ನು ಪಾಲಿಸಿ ಹೊರಗಿಟ್ಟಿದೆಯೇ ಎಂದು ಓದಬೇಕು, ಎಷ್ಟೋ ಪಾಲಿಸಿಗಳು ಹೊರಗಿಡುತ್ತವೆ.

ಸೀಸನ್‌ನಲ್ಲಿ ನಕಲಿ ಮನೆಗಳ ಹಾವಳಿಯೂ ಇದೆ. ಸಾಮಾನ್ಯ ತಂತ್ರ ಒಂದೇ: ಆ್ಯಪ್‌ನಲ್ಲೋ ಸಾಮಾಜಿಕ ಜಾಲತಾಣದಲ್ಲೋ ಸುಂದರ ಮನೆ ತೋರಿಸಿ, ‘ಆ್ಯಪ್ ಕಮಿಷನ್ ಉಳಿಯುತ್ತೆ, ಯುಪಿಐಗೆ ನೇರವಾಗಿ ಅರ್ಧ ಮುಂಗಡ ಹಾಕಿ’ ಎನ್ನುವುದು. ಹಣ ಹೋದ ಮೇಲೆ ಫೋನ್ ಬಂದ್. ಹಿಮಾಚಲ, ಉತ್ತರಾಖಂಡ, ಜಮ್ಮು-ಕಾಶ್ಮೀರ ಮೂರೂ ಕಡೆ ಹೋಮ್‌ಸ್ಟೇಗಳು ಪ್ರವಾಸೋದ್ಯಮ ಇಲಾಖೆಯಲ್ಲಿ ನೋಂದಣಿಯಾಗಿರಬೇಕು. ನೋಂದಣಿ ಪತ್ರದ ಚಿತ್ರ ಕೇಳಿದರೆ ಅಸಲಿ ಮಾಲೀಕರು ಕಳುಹಿಸುತ್ತಾರೆ. ಮೋಸ ಹೋದವರು ತಡ ಮಾಡದೆ ಸೈಬರ್ ವಂಚನೆ ಸಹಾಯವಾಣಿ 1930ಕ್ಕೆ ಕರೆ ಮಾಡಬೇಕು. ಮನೆ ಇದ್ದೂ ಹೇಳಿದಂತಿಲ್ಲ ಎಂದಾದರೆ ಆ್ಯಪ್‌ನ ಮೂಲಕವೇ ಫೋಟೊ ಸಹಿತ ದೂರು ಕೊಡಬೇಕು, ಗ್ರಾಹಕ ಸಹಾಯವಾಣಿ 1915 ಇದೆ. ಮಾಲೀಕರೊಂದಿಗಿನ ಮಾತೆಲ್ಲ ಆ್ಯಪ್‌ನ ಚಾಟ್‌ನಲ್ಲೇ ಇದ್ದರೆ ‘ಹೀಟರ್ ಉಚಿತ ಎಂದಿದ್ದಿರಿ’ ಎಂದು ತೋರಿಸಲು ಸಾಕ್ಷಿ ಉಳಿಯುತ್ತದೆ.

ಊರಿನವರ ಪಾಲು

ಹಿಮದೂರುಗಳಲ್ಲಿ ಪ್ರವಾಸಿಗರ ಬಾಡಿಗೆ ಮನೆಗಳು ಹೆಚ್ಚಾದಂತೆ ಅಲ್ಲಿ ದುಡಿಯುವವರಿಗೆ ಮನೆ ಸಿಗದಂತಾಗುವುದು ವಿದೇಶಗಳಲ್ಲಿ ಹಳೆಯ ಜಗಳ. ಅಮೆರಿಕದ ಕೊಲರಾಡೋದ ಬ್ರೆಕೆನ್‌ರಿಡ್ಜ್ ಪಟ್ಟಣ 2021ರಲ್ಲಿ ಇಂಥ ಮನೆಗಳ ಪರವಾನಗಿಗೆ ಮಿತಿ ಹೇರಿತು. ಲಿಫ್ಟ್ ನಡೆಸುವವರು, ಹೋಟೆಲ್ ಕೆಲಸಗಾರರು, ಶಿಕ್ಷಕರು ಊರಿನಲ್ಲಿ ಬಾಡಿಗೆ ಕೊಡಲಾಗದೆ ದೂರದಿಂದ ಓಡಾಡುವಂತಾಗಿತ್ತು. ಕ್ಯಾಲಿಫೋರ್ನಿಯಾದ ಸೌತ್ ಲೇಕ್ ಟಾಹೋದಲ್ಲಿ 2018ರಲ್ಲಿ ಮತದಾರರೇ ವಸತಿ ಬಡಾವಣೆಗಳ ರಜಾ ಬಾಡಿಗೆ ಮನೆಗಳ ವಿರುದ್ಧ ತೀರ್ಪು ಕೊಟ್ಟಿದ್ದರು. ಬೇ ಏರಿಯಾದಲ್ಲಿರುವ ಮಕ್ಕಳ ಮನೆಗೆ ಚಳಿಗಾಲದಲ್ಲಿ ಹೋಗುವ ಕನ್ನಡಿಗ ಪೋಷಕರು ಟಾಹೋಗೆ ಕ್ಯಾಬಿನ್ ಹಿಡಿಯುವಾಗ ಪರವಾನಗಿ ಸಂಖ್ಯೆ ನೋಡುವುದು, ಪಾರ್ಕಿಂಗ್ ಮತ್ತು ಗದ್ದಲದ ನಿಯಮ ಓದುವುದು ಒಳ್ಳೆಯದು. ಅಲ್ಲಿ ದಂಡ ಜೋರು.

ಹಿಮಾಲಯದಲ್ಲಿ ಪರಿಸ್ಥಿತಿ ಹಾಗೇ ಇಲ್ಲ. ಇಲ್ಲಿ ಎಷ್ಟೋ ಹೋಮ್‌ಸ್ಟೇಗಳು ಸೇಬು ತೋಟದ ಆದಾಯಕ್ಕೆ ಚಳಿಗಾಲದ ಆಸರೆ. ಆದರೆ ಒಂದೇ ನೀರಿನ ಮೂಲ, ಒಂದೇ ಕಿರಿದಾದ ರಸ್ತೆ, ಒಂದೇ ಟ್ರಾನ್ಸ್‌ಫಾರ್ಮರ್ ಊರಿನವರಿಗೂ ಪ್ರವಾಸಿಗರಿಗೂ ಸೇರಿದ್ದು. ರಾತ್ರಿ ಹನ್ನೆರಡಕ್ಕೆ ಸ್ಪೀಕರ್ ಹಾಕಿ ಕುಣಿಯುವ ತಂಡದ ಬಗ್ಗೆ ಹಳ್ಳಿಯವರು ಮಾಲೀಕರಿಗೆ ಹೇಳುವುದು ಮರುದಿನ, ಆ ತಂಡ ಹೊರಟುಹೋದ ಮೇಲೆ.

ಫೋನ್ ವಿಷಯ ಒಂದು ಬಾಕಿ ಇದೆ. ಬೇರೆ ರಾಜ್ಯಗಳ ಪ್ರೀಪೇಯ್ಡ್ ಸಿಮ್‌ಗಳು ಜಮ್ಮು-ಕಾಶ್ಮೀರದಲ್ಲಿ ಕೆಲಸ ಮಾಡುವುದಿಲ್ಲ, ಪೋಸ್ಟ್‌ಪೇಯ್ಡ್ ಬೇಕು. ಬೀಗದ ಕೈ ಯಾರ ಹತ್ತಿರ ಎಂದು ಕೇಳಲು ಟಂಗ್‌ಮಾರ್ಗ್ ಬಸ್ ನಿಲ್ದಾಣದಲ್ಲಿ ನೆಟ್‌ವರ್ಕ್ ಹುಡುಕುವಂತಾಗಬಾರದು ಎಂದರೆ ತಂಡದಲ್ಲಿ ಒಬ್ಬರಾದರೂ ಪೋಸ್ಟ್‌ಪೇಯ್ಡ್ ಇಟ್ಟುಕೊಂಡಿರಲಿ, ಮನೆಯ ವಿಳಾಸ, ಮ್ಯಾಪ್, ಕೇರ್‌ಟೇಕರ್ ನಂಬರ್ ಕಾಗದದ ಮೇಲೂ ಇರಲಿ. ತಲುಪುವುದು ಮಧ್ಯಾಹ್ನ ಮೂರರೊಳಗೆ ಆದರೆ ಉತ್ತಮ. ಸಂಜೆ ಐದೂವರೆಗೆಲ್ಲ ಬೆಟ್ಟದ ನೆರಳು ಬಿದ್ದು ರಸ್ತೆಯ ಮೇಲಿನ ಕರಗಿದ ನೀರು ಮತ್ತೆ ಗಾಜಾಗುತ್ತದೆ.

ಕೊನೆಯ ರಾತ್ರಿಯನ್ನು ಮಾತ್ರ ಇಳಿಜಾರಿನ ಬಳಿಯ ಮನೆಯಲ್ಲಿ ಕಳೆಯದೆ ಕೆಳಗಿನ ಊರಿನಲ್ಲಿ ಕಳೆಯುವಂತೆ ಯೋಜನೆ ಹಾಕಿದರೆ ವಿಮಾನ ತಪ್ಪುವ ಭಯ ಅರ್ಧ ಕಡಿಮೆ. ಗುಲ್ಮಾರ್ಗ್‌ಗೆ ಹೋದವರಿಗೆ ಶ್ರೀನಗರ, ಸೋಲಾಂಗ್‌ಗೆ ಹೋದವರಿಗೆ ಕುಲ್ಲು ಅಥವಾ ಭುಂತರ್, ಔಲಿಗೆ ಹೋದವರಿಗೆ ಸುಮಾರು 250 ಕಿ.ಮೀ. ಕೆಳಗಿನ ಋಷಿಕೇಶ. ಐದು ರಾತ್ರಿಯ ಪ್ರವಾಸವಾದರೆ ಮೇಲೆ ನಾಲ್ಕು, ಕೆಳಗೆ ಒಂದು ಎಂದು ಎರಡು ಬುಕಿಂಗ್ ಮಾಡಬೇಕಾಗುತ್ತದೆ. ಬುಕಿಂಗ್ ಒಂದಕ್ಕೆ ತಗಲುವ ಸೇವಾ ಶುಲ್ಕ ಎರಡು ಸಲ ಬೀಳುತ್ತದೆ, ನಿಜ. ಆದರೆ ಹಿಮ ಬಿದ್ದ ಬೆಳಿಗ್ಗೆ ಹತ್ತು ಮಂದಿಗೆ ಹೊಸದಾಗಿ ವಿಮಾನದ ಟಿಕೆಟ್ ಕೊಳ್ಳುವ ಖರ್ಚಿನ ಮುಂದೆ ಅದು ಚಿಲ್ಲರೆ.